ಕಲ್ಲಿಕೊಪ್ಪಲಿನ ಹಗೇವು

ನಮ್ಮ ಪಕ್ಕದ ಮನೆ ಕೆಂಪಣ್ಣನಿಗೆ ಆದದ್ದು ಇದು. ಯುದ್ಧದ ಕಾಲ, ಬೆಳೆದ ರಾಗಿಯನ್ನು ಸರ್ಕಾರದವರು ಲೆವಿಗೆಂದು ಅಳೆದುಕೊಂಡು ಹೋಗುತ್ತಿದ್ದ ವರ್ಷ. ಕೆಂಪಣ್ಣ ಒಂದಿಷ್ಟನ್ನು ಕಲ್ಲಿಕೊಪ್ಪಲಿನ ಹಗೇವಿನಲ್ಲಿ ಬಚ್ಚಿಟ್ಟಿದ್ದ. ಹೇಮಾವತಿ ದಂಡೆಯ ಆ ಊರು ಪ್ಲೇಗು ಮಾರಿಗೆ ಹಾಳುಬಿದ್ದು ಎಷ್ಟೋ ಕಾಲವಾಗಿತ್ತು. ಮೊಣಕಾಲೆತ್ತರದ ಗೋಡೆಗಳು, ಕಾಳು ತುಂಬುತ್ತಿದ್ದ ನೆಲದೊಳಗಿನ ಹಗೇವುಗಳು, ಅವುಗಳ ಬಾಯಿಗೆ ಮುಚ್ಚಿದ ಚಪ್ಪಡಿ... ಉಳಿದದ್ದು ಅಷ್ಟೇ.

ಮೂರು ತಿಂಗಳಿಗೆ ಮನೆಯ ಮಡಕೆ ಬರಿದಾಯಿತು. ಎರಡು ದಿನ ಮಕ್ಕಳು ಬರೀ ಸೊಪ್ಪು ತಿಂದವು. ಅಮಾವಾಸ್ಯೆ ಹತ್ತಿರದ ಒಂದು ರಾತ್ರಿ ಕೆಂಪಣ್ಣ ತಮ್ಮ ಪುಟ್ಟರಾಜುವನ್ನು ಕರೆದುಕೊಂಡು ಊರಾಚೆಯ ಆಲದ ಮರ ದಾಟಿ ಹೊರಟ. ಆ ಹಾಳೂರಲ್ಲಿ ದೆವ್ವ ಇದೆ ಅನ್ನುತ್ತಿದ್ದರು, ಹಸಿದವನಿಗೆ ಯಾವ ದೆವ್ವ?

ಹಗೇವಿನ ಬಾಯಿ ತೆಗೆದರೆ ಒಂದು ಹಗಲು ಹಾಗೇ ಬಿಟ್ಟು, ದೀಪ ಇಳಿಸಿ ನೋಡಿ, ಅದು ಆರದಿದ್ದರೆ ಇಳಿಯಬೇಕು. ಒಳಗೆ ಕಟ್ಟಿಕೊಂಡ ಕೆಟ್ಟ ಗಾಳಿ ಆಳನ್ನೇ ಕೊಲ್ಲುತ್ತದೆ. ಇದು ಕೂಸಿಗೂ ಗೊತ್ತು. ಆದರೆ ಹಗಲು ತೆರೆದಿಟ್ಟರೆ ಲೆವಿಯವರ ಕಣ್ಣಿಗೆ ಬೀಳುತ್ತದಲ್ಲ...

"ದೀಪ ಬ್ಯಾಡ ಕಣಣ್ಣ, ಯಾರಾರ ಕಂಡಾರು," ಎಂದ ಪುಟ್ಟರಾಜು. ಚಪ್ಪಡಿ ಸರಿಸಿ, ಹಗ್ಗ ಹಿಡಿದು ಇಳಿದೇಬಿಟ್ಟ.

ಧೊಪ್ ಎಂದಿತು. ಕೆಂಪಣ್ಣ ಹಗೇವಿನ ಬಾಯಿಗೆ ಬಗ್ಗಿ ಕೂಗಿದ.

"ಲೇ ಪುಟ್ಟಾ?"

ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಸರ್ರ್... ಸರ್ರ್... ರಾಗಿ ಮೊಗೆಯುವ ಸದ್ದು. ಕೆಂಪಣ್ಣನಿಗೆ ಹೋದ ಜೀವ ಬಂತು. ಹಗ್ಗಕ್ಕೆ ಕುಕ್ಕೆ ಕಟ್ಟಿ ಇಳಿಬಿಟ್ಟ. ಎರಡು ಸಲ ಜಗ್ಗಿತು. ಎಳೆದ. ತುಂಬಿ ಬಂತು. ಗೋಣಿಗೆ ಸುರಿದು ಮತ್ತೆ ಇಳಿಸಿದ. ಹೀಗೆ ನಾಲ್ಕು ಸಲ.

"ಸಾಕು ಕಣ್ಲಾ, ಮ್ಯಾಕ್ ಬಾ."

"ಇನ್ನೊಂದ್ ಇಳಿಬುಡು," ಎಂದಿತು ಪಿಸುದನಿ. "ಮಕ್ಳು ಹಸ್ಕಂಡವೆ..."

ತಮ್ಮನ ದನಿ ಹೌದೋ ಅಲ್ಲವೋ ತಿಳಿಯಲಿಲ್ಲ. ಜೊತೆಗೆ ತಂದಿದ್ದ ಕಂದೀಲು ಹಚ್ಚಿ ಒಳಗೆ ಇಳಿಬಿಟ್ಟ. ಒಂದು ಮಾರು ಇಳಿಯುವಷ್ಟರಲ್ಲಿ ಅದು ಆರಿಹೋಯಿತು.

ಲೆವಿಯವರು ನೋಡಿದರೆ ನೋಡಲಿ ಎಂದು ಊರಿಗೆ ಓಡಿ ಜನರನ್ನು ಕರೆತಂದ. ಮಾರನೆಯ ಮಧ್ಯಾಹ್ನದ ಹೊತ್ತಿಗೆ ದೀಪ ಒಳಗೆ ಆರದೆ ನಿಂತಿತು. ಪುಟ್ಟರಾಜು ಬಿದ್ದಲ್ಲೇ ಬೋರಲಾಗಿದ್ದ, ಮುಖ ರಾಗಿಯಲ್ಲಿ ಹೂತಿತ್ತು. ಕಾಲಿಟ್ಟ ಗಳಿಗೆಯಲ್ಲೇ ಪ್ರಾಣ ಹೋಗಿದೆ ಎಂದರು ಹಿರಿಯರು. ಸುತ್ತಲಿನ ರಾಗಿ ತುಂಬಿಟ್ಟ ದಿನದಂತೆ ಸಮನಾಗಿತ್ತು. ಒಂದು ಬೊಗಸೆ ಮೊಗೆದ ಗುರುತೂ ಇರಲಿಲ್ಲ.

ಗೋಣಿಯಲ್ಲಿದ್ದದ್ದನ್ನು ಹೊಳೆಗೆ ಚೆಲ್ಲಿ ಎಂದರು. ಕೆಂಪಣ್ಣನ ಹೆಂಡತಿ ಲಕ್ಕಮ್ಮ ಚೆಲ್ಲಲಿಲ್ಲ, ಅಳುತ್ತಲೇ ಬೀಸಿದಳು. ಸುಳ್ಳು ಅನ್ನುವವರು ಅನ್ನಲಿ. ಆ ಹಿಟ್ಟಿನ ಮುದ್ದೆ ನಾನೂ ಉಂಡಿದ್ದೇನೆ. ಚೆನ್ನಾಗಿತ್ತು.