ಏನೂ ಇಲ್ಲದ ಕಡೆ

ಹಲ್ಲಿನ ಆಸ್ಪತ್ರೆಯ ಬೆಂಚಿನ ಮೇಲೆ ಹಲ್ಲುನೋವಿಗೆ ಕೆನ್ನೆ ಹಿಡಿದುಕೊಂಡ ತಾಯಿ, ಪಕ್ಕದಲ್ಲಿ ಲೆಕ್ಕದ ಪುಸ್ತಕ ಹಿಡಿದು ಅವಳಿಗೆ ಪಾಠ ಹೇಳುತ್ತಿದ್ದ ಮಗಳು. ಚೀಟಿ ಬರೆಯುತ್ತಿದ್ದ ನರ್ಸಮ್ಮನ ಕಿವಿಯೆಲ್ಲ ಅತ್ತಲೇ ಇತ್ತು.

“ಆರು ಎಕ್ಸ್ ವರ್ಗ ಪ್ಲಸ್ ಹನ್ನೊಂದು ಎಕ್ಸ್ ಪ್ಲಸ್ ಮೂರು. ಹನ್ನೊಂದನ್ನ ಹೇಗೆ ಒಡೀತೀಯಮ್ಮ?”

“ಒಂಬತ್ತು, ಎರಡು. ಮೊದಲ ಜೋಡೀಲಿ ಮೂರು ಎಕ್ಸ್ ಆಚೆ ತೆಗೆದ್ರೆ, ಒಳಗೆ ಎರಡು ಎಕ್ಸ್ ಪ್ಲಸ್ ಮೂರು.”

“ಎರಡನೇ ಜೋಡಿ?”

“ಅದೂ ಎರಡು ಎಕ್ಸ್ ಪ್ಲಸ್ ಮೂರು. ಆಚೆ ತೆಗೆಯೋಕೆ ಏನೂ ಇಲ್ವಲ್ಲೇ! ಹೋದ ಸಲ ಪರೀಕ್ಷೇಲೂ ಇಲ್ಲೇ ಮುಗ್ಗರಿಸಿದ್ದು ನಾನು.”

“ಏನೂ ಕಾಣದಿದ್ರೂ ಒಂದು ಇದ್ದೇ ಇರುತ್ತಮ್ಮ.”

“ಅಯ್ಯೋ ಹೌದಲ್ಲೇ! ಮೂರು ಎಕ್ಸ್ ಪ್ಲಸ್ ಒಂದು, ಎರಡು ಎಕ್ಸ್ ಪ್ಲಸ್ ಮೂರು. ಬಂತು ಕಣೇ! ನಾಳೆ ಪರೀಕ್ಷೇಲಿ ಇದನ್ನೇ ಕೊಡಲಿ!”

“ಒಳಗೆ ಬನ್ನಿ,” ಎಂದಳು ನರ್ಸಮ್ಮ. “ಯಾವ ಹಲ್ಲು ನೋವು?”

ತಾಯಿ ಎರಡೂ ಕೆನ್ನೆ ಒತ್ತಿ ನೋಡಿಕೊಂಡಳು. “ಈಗೇನೂ ಗೊತ್ತಾಗ್ತಿಲ್ಲ. ಒಂದು ಇದ್ದೇ ಇರುತ್ತೆ, ಹುಡುಕಿ!” ಎನ್ನುತ್ತ ನಗುನಗುತ್ತಲೇ ಒಳಗೆ ಹೋದಳು.