ಧರ್ಮೇಶನಿಗೆ ಉಚ್ಚೆ ಕಟ್ಟಿದ್ದು

ನಗ್ಬೇಡಿ. ಉಚ್ಚೆ ವಿಷ್ಯ ಅಂತ ನಗೋರು ಈಗ್ಲೇ ಎದ್ದೋಗಿ ಮಲಗಿ. ಇದು ನಮ್ಮ ಚಿಕ್ಕಪ್ಪನ ಮಗ ಧರ್ಮೇಶನಿಗೇ ಆಗಿದ್ದು.

ಹೋದ ವರ್ಷ... ಸುಂಟಿಕೊಪ್ಪದಲ್ಲಿ ಕೊನೇ ಬಸ್ಸಿಳಿದು ಒಬ್ನೇ ಬರ್ತಿದ್ದ. ಎಸ್ಟೇಟ್ ಗೇಟಿನ ಹತ್ರ ಆಲದಮರ ಇದ್ಯಲ್ಲ, ಅಲ್ಲಿ ಉಚ್ಚೆಗೆ ನಿಂತ. ಜೋರಾಗಿ ಬಂದಿತ್ತು. ಒಂದು ಹನಿ ಬೀಳ್ಲಿಲ್ಲ. ಆಗ ಮರದ ಹಿಂದಿಂದ... "ಸುಸ್ಸ್... ಸುಸ್ಸ್..."

ಮಕ್ಕಳಿಗೆ ಉಚ್ಚೆ ಹುಯ್ಸೋಕೆ ಅಮ್ಮಂದಿರು ಮಾಡ್ತಾರಲ್ಲ, ಅದೇ ಸದ್ದು.

"ಯಾರೋ ಅದು?" ಅಂದ. ಟಾರು ರೋಡಿನ ಮೇಲೆ ನಾಯಿ ಉಗುರಿನ ಸದ್ದು... ಟಿಕ್, ಟಿಕ್, ಟಿಕ್. ಕಣ್ಣಿಗೆ ಏನೂ ಕಾಣ್ಲಿಲ್ಲ.

ಮನೆಗೆ ಓಡಿ ಬಂದು ಹೆಂಡ್ತಿ ರಂಜಿತಾನ ಕೈ ಹಿಡ್ಕೊಂಡು ಪಿಸುಗುಟ್ಟಿದ, "ಬೆಳ್ಳಿ ಬಂದಿದೆ ಕಣೆ."

"ಯಾವ ಬೆಳ್ಳಿ?"

"ಲ್ಯಾಬಿನ ನಾಯಿ... ಸತ್ತೋಯ್ತಲ್ಲ."

ಆ ನಾಯಿ ಕತೆ ನೆನೆದ್ರೆ ನನಗೆ ಈಗ್ಲೂ ಮೈ ಉರಿಯುತ್ತೆ. ಇವನು ಮುಂಚೆ ಒಂದು ಲ್ಯಾಬಲ್ಲಿ ನಾಯಿ ನೋಡ್ಕೊಳ್ಳೋ ಕೆಲಸದಲ್ಲಿದ್ದ. ಬೆಳ್ಳಿಯ ಮೂತ್ರಚೀಲ ತೆಗೆದು, ಅದರದೇ ಕರುಳಿಂದ ಹೊಸ ಚೀಲ ಮಾಡಿ ಇಟ್ಟಿದ್ರು. ವರ್ಷಗಟ್ಟಲೆ ಆದ್ಮೇಲೆ ಏನಾಗುತ್ತೆ ಅಂತ ನೋಡೋಕೆ. ಕರುಳು ಲೋಳೆ ಬಿಡುತ್ತಂತೆ, ಕಲ್ಲು ಕಟ್ಟುತ್ತಂತೆ. ಅದಕ್ಕೇ ದಿನಾ ರಾತ್ರಿ ಟ್ಯೂಬ್ ಹಾಕಿ ತೊಳೀಬೇಕು. ಅದು ಇವನ ಡ್ಯೂಟಿ. ಈ ಸೋಮಾರಿ ಏನ್ ಮಾಡ್ತಿದ್ದ ಗೊತ್ತಾ? ಬೋನಿನ ಮುಂದೆ ನಿಂತು "ಸುಸ್ಸ್, ಸುಸ್ಸ್, ಹುಯ್ಯಿ" ಅಂತ ತಮಾಷೆ ಮಾಡಿ ಹೋಗಿ ಮಲಗ್ತಿದ್ದ. ಒಂದಿನ ಚೀಲ ಒಡೀತು. ಪಾಪ, ಬೆಳಗಿನ ತನಕ ಕುಂಯ್ಗುಟ್ಟಿ ಸತ್ತಿತು. ಇವನು ಮಾತ್ರ "ತೊಳೆದಿದ್ದೆ ಸಾರ್" ಅಂದ.

ಉಪ್ಪು ತಿಂದವನು ನೀರು ಕುಡೀಲೇಬೇಕು. ಕುಡಿದ... ಎಳನೀರು, ಬಾರ್ಲಿ ನೀರು, ಚೊಂಬುಗಟ್ಟಲೆ. ಹೊಟ್ಟೆ ಉಬ್ಬಿತು, ಹೊರಗೆ ಬರ್ಲಿಲ್ಲ. ಬಚ್ಚಲಿಗೆ ಹೋದಾಗೆಲ್ಲ ಕಿಟಕಿಯಾಚೆ... "ಸುಸ್ಸ್..." ರಂಜಿತಾನೂ ಕೇಳಿಸ್ಕೊಂಡ್ಲು. ಬಾಗಿಲು ತೆಗೆದು ಕತ್ತಲಿಗೆ ಕೈ ಮುಗಿದ್ಲು. "ಬಿಟ್ಬಿಡಮ್ಮ, ಪ್ರಾಣ ಹೋಗುತ್ತೆ ಅವರದ್ದು."

ಗುರ್ರ್... ಅಂತು. ಅಷ್ಟೇ.

ಬೆಳಗ್ಗೆ ಆಟೋದಲ್ಲಿ ಮಡಿಕೇರಿಗೆ ಆಸ್ಪತ್ರೆಗೆ ಎತ್ಕೊಂಡು ಹೋದ್ವಿ. ನಾನೂ ಇದ್ದೆ. ಟ್ಯೂಬ್ ಹಾಕಿದ್ರೆ ಮೊದ್ಲು ಬಂದಿದ್ದು ಬರೀ ಲೋಳೆ. ಡಾಕ್ಟರು ಸ್ಕ್ಯಾನ್ ನೋಡಿ ಬೈದ್ರು, "ಇದು ಕರುಳಿಂದ ಮಾಡಿದ ಚೀಲ. ಸಾಯೋತನಕ ದಿನಾ ರಾತ್ರಿ ತೊಳೀಬೇಕು ಅಂತ ಯಾರೂ ಹೇಳ್ಲಿಲ್ವಾ? ಆಪರೇಷನ್ ಎಲ್ಲಿ ಆಗಿದ್ದು?"

"ಆಪರೇಷನ್ನೇ ಆಗಿಲ್ಲ ಸಾರ್," ಅಂದ್ಲು ರಂಜಿತಾ.

ಡಾಕ್ಟರು ಅವನ ಅಂಗಿ ಎತ್ತಿದ್ರು. ನಾನು ಪಕ್ಕದಲ್ಲೇ ನಿಂತು ಕಣ್ಣಾರೆ ನೋಡ್ದೆ, ನನ್ನಾಣೆ. ಹೊಟ್ಟೆ ಮೇಲೆ ಒಂದು ಗೀರೂ ಇರ್ಲಿಲ್ಲ.