ಪೂಜಿಗಿಟ್ಟ ಪಾನಾ

...ಈ ಕಾಗದ ಮರಾಠಿದಾಗ ಬರದದ, ನಿನಗ ಓದಾಕ ಬರೂದಿಲ್ಲ ಅಂತ ನಾನೇ ಓದಿ ಹೇಳಿದೆ. ಇನ್ನೊಮ್ಮೆ ಓದ್ಲೇನು? 'ನನ್ನ ಗಂಡ ಭೀಮಣ್ಣ ಎಣ್ಣಿ ಮಿಲ್ಲಿನ್ಯಾಗ ಟಾಕಿ ನೋಡ್ಕೊಳ್ಳಾವ. ಖಂಡೆ ನವಮಿ ದಿವ್ಸ ವಾಲ್ ಬಂದ್ ಮಾಡೂದು ಮರತಾನ. ಎಣ್ಣಿ ಹಳ್ಳಕ್ಕ ಹೋಗಿದ್ದು ಅವನ ತಪ್ಪು.' ಇಷ್ಟ. ಮೂರೇ ಮಾತು. ಇದರಾಗ ಸುಳ್ಳು ಯಾವುದು, ಹೇಳು ದ್ರೌಪದಿ.

ಮಾಲಕನ ಅವ್ವ ನಾ, ಕಸ್ತೂರಬಾಯಿ, ನಿನ್ನ ಖೋಲಿತನಕ ನಡ್ಕೋತ ಬಂದೀನಿ. ಹತ್ತು ವರ್ಷಾತು ನೀವು ಈ ಮಿಲ್ಲಿನ ಕಂಪೌಂಡಿನ್ಯಾಗ ಇದ್ದು, ಒಮ್ಮೆರೆ ಬಂದಿದ್ನೇನು? ಚಾ ಬ್ಯಾಡ. ನಿಮ್ಮ ಕಪ್ಪಿನ್ಯಾಗ ನಾ ಕುಡಿಯೂದಿಲ್ಲ, ನಿನಗ ಗೊತ್ತದ. ಹನ್ನೊಂದಕ್ಕ ಪೊಲೀಸ್ ಸಾಹೇಬ್ರು ಬರ್ತಾರ, ಅಷ್ಟ್ರಾಗ ಇದರ ಮ್ಯಾಲೆ ನಿನ್ನ ಸಹಿ ಆಗಬೇಕು.

ಯಾಕ, ನಗಾಕತ್ತೀ? ಇಲ್ಲ? ಬಾಯಿ ಸೊಟ್ಟ ಮಾಡಿದೆಲ್ಲ, ಅದಕ್ಕ ಕೇಳಿದೆ.

ಟಾಕಿ ಸುತ್ತ ಎದಿಮಟ ಕಟ್ಟಿ ಯಾಕ ಕಟ್ಟಿಸ್ಯಾನ ನಮ್ಮ ಓಂಕಾರ? ಟಾಕಿ ಸೋರಿದ್ರ ಎಣ್ಣಿ ಕಟ್ಟಿಯೊಳಗೇ ನಿಂದರ್ಲಿ, ಹೊರಗ ಒಂದು ಹನಿ ಹೋಗಬಾರ್ದು ಅಂತ. ಮಳಿನೀರು ಬಿಡಾಕ ಕಟ್ಟಿಗೊಂದು ವಾಲ್ ಇಟ್ಟಾನ. ನೀರು ಹೋದಮ್ಯಾಲೆ ಬಂದ್ ಮಾಡಬೇಕು. ಕತ್ತೆಗೂ ಕಲಿಸಬಹುದು ಇಂಥಾ ಕೆಲಸ. ಕಂಡಕಂಡವ್ರು ತೆರೀಬಾರ್ದು ಅಂತ ಅದನ್ನ ತಿರುವೋ ಪಾನಾನೂ ಒಂದೇ ಮಾಡಿಸ್ಯಾನ, ಆಫೀಸಿನ ಗ್ವಾಡಿ ಮೊಳಿಗೆ ತೂಗ ಹಾಕಿರ್ತದ. ಇಷ್ಟೆಲ್ಲಾ ಮಾಡಿದ್ರ ನಿನ್ನ ಗಂಡ ಏನ ಮಾಡಿದ? ಪೂಜಿಗಂತ ಕಟ್ಟಿ ತೊಳದ, ನೀರು ಬಿಟ್ಟ, ವಾಲ್ ಹಂಗೇ ಬಿಟ್ಟು ಹೋಗಿ ಬಿದ್ಕೊಂಡ. ಮಧ್ಯಾಹ್ನ ಟಾಕಿ ಬುಡದ ಪೈಪು ಬಿಟ್ತು. ಕುಸುಬಿ ಎಣ್ಣಿ ಎಲ್ಲಾ ಹಳ್ಳ ಹಿಡದು ರೈತರ ಬಾಂವಿಗೆ ಇಳೀತು. ಮಂದಿ ಕೊಡ ತಗೊಂಡು ಬಂದು ತುಂಬ್ಕೊಂಡ್ರು. ನಮ್ಮ ಎಣ್ಣ್ಯಾಗ ಭಜಿ ಕರಕೊಂಡು ತಿಂದು, ಈಗ ನಮ್ಮ ಮ್ಯಾಲೇ ಅರ್ಜಿ ಕೊಟ್ಟಾರ.

ಆಮ್ಯಾಲೆ ಬಂತು ಶೂರತನ. ಉಸುಕಿನ ಚೀಲ ಹೊತ್ಕೊಂಡು ಹಳ್ಳಕ್ಕ ಇಳದ. ಎಣ್ಣ್ಯಾಗ ಕಾಲು ನಿಂದರ್ತದೇನು? ಜಾರಿದ, ಕಲ್ಲಿಗೆ ತಲಿ ಒಡಕೊಂಡ. ಇಳಿ ಅಂತ ನಾವ್ಯಾರೂ ಅಂದಿದ್ದಿಲ್ಲ. ಅದನ್ನೂ ಕಾಗದದಾಗ ಬರಸಬೇಕಿತ್ತು, ಮರತೆ.

ಅಳಬ್ಯಾಡ. ದವಾಖಾನ್ಯಾಗ ಮೈಮ್ಯಾಲೆ ಎಚ್ಚರ ಇಲ್ಲದ ಬಿದ್ದಾವನ ಮ್ಯಾಲೆ ತಪ್ಪು ಹಾಕಿದ್ರ ಅವನಿಗೆ ನೋಯ್ತದೇನು? ಓಂಕಾರಗ ಬೇಡಿ ಬಿದ್ರ ಮಿಲ್ಲು ಮುಚ್ಚತದ. ಮಿಲ್ಲು ಮುಚ್ಚಿದ್ರ ಈ ಖೋಲಿ ಎಲ್ಲಿಂದ? ನಿನ್ನ ದೀಪಾಲಿದು ಈ ವರ್ಷ ಹತ್ತನೇದು. ಎಲ್ಲಿ ಕೂತು ಓದ್ತಾಳ, ಬಸ್‌ಸ್ಟ್ಯಾಂಡಿನ್ಯಾಗ? ಸಹಿ ಮಾಡು, ಖೋಲಿ ನಿಂದೇ. ಸಾಯೋತನಕ ಇರು. ಮಾಡೂದಿಲ್ಲಾ, ಇವತ್ತು ಸಂಜಿಗೆ ಭಾಂಡೆ ಹೊರಗ ಇರ್ತಾವ. ನಾ ಸುಮ್ನ ಹೇಳಾಕಿ ಅಲ್ಲ.

ತಗೋ ಪೆನ್ನು. ಹೆಸರು ಬರಿಯಾಕ ಮಗಳು ಕಲಿಸ್ಯಾಳಲ್ಲ.

ಏನ ನೋಡ್ತಿ ನನ್ನ ಮಾರಿ? ಪಾನಾ ಮೊಳಿಗೆ ತೂಗ ಹಾಕಿರ್ತದ ಅಂದೆ, ಅದಕ್ಕೇನು? ಅವತ್ತೂ ಅಲ್ಲೇ ಇತ್ತು. ಅಲ್ಲೇ ಇರದ ಎಲ್ಲಿ ಹೋಗ್ತದ...

ಓ. ಆಫೀಸಿನ ಬಾಗಲದಾಗ ರಂಗೋಲಿ ಹಾಕಾಕತ್ತಿದ್ದಿ ಅಲಾ ನೀ.

ಆತು. ಕಟ್ಟಿ ನೀರು ಇನ್ನೂ ಇಳಿಯಾಕತ್ತಿತ್ತು, ಅಷ್ಟ್ರಾಗ ಪಾನಾ ಇಸ್ಕೊಂಡು ಪೂಜಿಗಿ ಇಟ್ಟಿದ್ದೆ. ತಕ್ಕಡಿ, ಸುತ್ತಗಿ, ಪಾನಾ, ಎಲ್ಲಾಕ್ಕೂ ಕುಂಕಮ ಹಚ್ಚಿ ನಾನೇ ಇಟ್ಟೀನಿ. ನಮ್ಮ ಅತ್ತಿ ಇಡ್ತಿದ್ಳು, ನಾ ಇಡ್ತೀನಿ. ಖಂಡೆ ಪೂಜಿಗಿ ಇಟ್ಟಿದ್ದು ಮರುದಿನ ಬನ್ನಿ ತರೋತನಕ ಯಾರರೆ ಎತ್ತತಾರೇನು? ನಿಮ್ಮ ಮನ್ಯಾಗ ಕುಡಗೋಲು ಎತ್ತತೀರೇನು? ಬಾಯಿ ಬಿಡು! ಮೂರು ಸಲ ಬಂದ ನಿನ್ನ ಗಂಡ. ಅವ್ವಾರ, ವಾಲ್ ತೆರದದ, ತಿರುವಿ ಮತ್ತ ಇಲ್ಲೇ ತಂದು ಇಡ್ತೀನಿ ಅಂದ. ಒಂದು ದಿನಕ್ಕ ಆಕಾಶ ಬೀಳೂದಿಲ್ಲ, ನಡಿ ಅಂದೆ. ಮೂರನೇ ಸಲ ಕೈ ಹಾಕೇ ಬಿಟ್ಟ. ಉರಿಯೋ ಊದಿನಕಡ್ಡಿ ಅವನ ಕೈಗೆ ಮುಟ್ಟಿಸಿದೆ. ಹೌದು, ಮುಟ್ಟಿಸಿದೆ. ದೇವರ ಮುಂದ ಕೈ ಹಾಕಿದ್ರ ಮತ್ತೇನು, ಆರತಿ ಮಾಡ್ಲೇನು?

ಯಾರಿಗೆ ಗೊತ್ತು, ಪೈಪು ಅವತ್ತೇ ಬಿಡ್ತದ ಅಂತ... ನಾಕು ದಿನಾತು, ನನಗೂ ಅನ್ನ ಇಳಿವಲ್ದು. ಹೆದರಿಕಿ ಆಗ್ತದ, ದ್ರೌಪದಿ.

ಹೇಳ್ತಿ? ಹೋಗು, ಸಾಹೇಬ್ರಿಗೆ ಹೇಳು. ಕಸ ಹೊಡಿಯಾಕಿ ಮಾತು ಕೇಳಿ ಅವರು ನನ್ನ ಹಿಡ್ಕೊಂಡು ಹೋಗ್ತಾರ, ನೋಡ್ತಾ ಇರು.

ಎಲ್ಲಿ ಎದ್ದಿ? ಕೂಡು. ಸಹಿ ಮಾಡದ... ಏನದು, ಡಬ್ಬಿ? ಗಂಜಿ ಯಾರಿಗೆ ಹಾಕಾಕತ್ತೀ? ಬಿಡು, ಇನ್ನ ಅದು ಯಾಕ ಬೇಕು.

ಅಂದ್ರ... ದವಾಖಾನ್ಯಾಗ ಕೊಡ್ತಾರ ಅಂತ ಅಂದೆ. ನಳಿಗ್ಯಾಗ ಹಾಕ್ತಾರಲ್ಲ, ಅದು ಸಾಕು ಅಂತ. ಮತ್ತೇನಿಲ್ಲ.

ಹಂಗ ನಿಂದರಬ್ಯಾಡ. ಸೌಟು ಕೆಳಗಿಡು, ಗಂಜಿ ಚೆಲ್ಲಾಕತ್ತದ. ನೀ ನಿನ್ನೆ ರಾತ್ರಿ ನೋಡಿ ಬಂದೀದಿ, ಉಸಿರಾಡ್ತಿದ್ದ, ಹೌದಲ್ಲ? ಹಂಗಾದ್ರ ಹಂಗೇ ಇರ್ತಾನ... ದ್ರೌಪದಿ. ಏನರೆ ಅನ್ನು. ಬೈ ಬೇಕಾದ್ರ.

ದವಾಖಾನಿಯವ್ರ ಹತ್ರ ಓಂಕಾರನ ನಂಬರ್ ಇತ್ತು. ಇವತ್ತು ಮುಂಜಾನೆ ಆರು ಗಂಟಿಗೆ ಫೋನ್ ಬಂತು. ಮದಲ ನಿನಗ ಹೇಳಿದ್ರ ನೀ ಹೊಯ್ಕೋತ ಅಲ್ಲಿಗೆ ಓಡ್ತಿದ್ದಿ, ನಾ ಈ ಕಾಗದ ಹಿಡ್ಕೊಂಡು ಎಲ್ಲಿ ಹೋಗ್ಲಿ?

ಹೊಯ್ಕೊಳ್ಳಾಕ ಇಡೀ ದಿನ ಅದ. ಹನ್ನೊಂದಕ್ಕ ಹತ್ತೇ ನಿಮಿಷ ಉಳದಾವ. ಸಹಿ ಮಾಡು.